ಸಹಾಯವಾಣಿಯ ಫೋನ್ ಎತ್ತುವವರಿಗೆ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಈಗಲೇ ಯಾರಾದರೂ ಅಪಾಯದಲ್ಲಿದ್ದರೆ ಈ ಪುಟ ಓದುತ್ತಾ ಕೂರಬೇಡಿ. ಔಷಧಿ ಕುಡಿದಿದ್ದರೆ, ಗಾಯ ಮಾಡಿಕೊಂಡಿದ್ದರೆ 108ಕ್ಕೆ ಕರೆ ಮಾಡಿ. ಅವರು ಎಲ್ಲಿದ್ದಾರೆಂದು ಹುಡುಕಬೇಕಾಗಿದ್ದರೆ, ಬಾಗಿಲು ಹಾಕಿಕೊಂಡಿದ್ದರೆ 112. ಯಾರೊಡನಾದರೂ ಮಾತಾಡಬೇಕು ಅನ್ನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416. ಹಗಲು ರಾತ್ರಿ ಎನ್ನದೆ 24 ಗಂಟೆ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಅದು ಸಿಗದಿದ್ದರೆ 1800-891-4416.

ಮುಂದಿನದು ಸಾಯಬೇಕೆಂಬ ಯೋಚನೆಯಲ್ಲಿರುವವರ ಮಾತು ಕೇಳುವ ಸ್ವಯಂಸೇವಕರ ಸಹಾಯವಾಣಿಯಲ್ಲಿ ಕೂತಿರುವವರಿಗೆ, ಕೂರಬೇಕೆಂದುಕೊಂಡವರಿಗೆ.

ಟೆಲಿ-ಮಾನಸ್ ಇರುವಾಗ ಸ್ವಯಂಸೇವಕರ ಸಹಾಯವಾಣಿ ಯಾಕೆ ಬೇಕು?

ಎರಡರ ಕೆಲಸ ಬೇರೆ. ಟೆಲಿ-ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಅಲ್ಲಿ ಮೊದಲು ಮಾತಾಡುವವರು ಸಂಬಳದ ಆಪ್ತಸಮಾಲೋಚಕರು. ಅಗತ್ಯ ಬಿದ್ದರೆ ಕರೆ ಮನೋವೈದ್ಯರ ತನಕ ಹೋಗುತ್ತದೆ, ಅಲ್ಲಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೂ ದಾಟಿಸುತ್ತಾರೆ. ಸ್ವಯಂಸೇವಕರು ಚಿಕಿತ್ಸೆ ಕೊಡುವವರಲ್ಲ, ಜೊತೆಗಿರುವವರು. 1953ರಲ್ಲಿ ಲಂಡನ್ನಿನಲ್ಲಿ ಪಾದ್ರಿ ಚಾಡ್ ವಾರಾ ಆರಂಭಿಸಿದ ಸಮಾರಿಟನ್ಸ್ ಸಹಾಯವಾಣಿ ಈ ದಾರಿಯನ್ನು ತೋರಿಸಿತು. ನಮ್ಮ ಪಕ್ಕದ ಚೆನ್ನೈನಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ 1986ರಲ್ಲಿ ಕಟ್ಟಿದ ಸ್ನೇಹಾ ಸಂಸ್ಥೆಯೂ ಅದೇ ದಾರಿಯಲ್ಲಿ ನಡೆದಿದೆ. ಡಾಕ್ಟರ ಹತ್ತಿರ ಹೋಗಲು ಇನ್ನೂ ಮನಸ್ಸು ಮಾಡದ ಎಷ್ಟೋ ಜನ ಮೊದಲು ಬಾಯಿ ಬಿಡುವುದು ಇಂಥ ಕಡೆ.

ಯಾರು ಸೇರಬಹುದು? ಓದು ಎಷ್ಟಾಗಿರಬೇಕು?

ಡಿಗ್ರಿಗಿಂತ ಕಿವಿ ಮುಖ್ಯ. ಅಂಗನವಾಡಿ ಕಾರ್ಯಕರ್ತೆ, ನಿವೃತ್ತ ಮೇಷ್ಟ್ರು, ಹೊಲಿಗೆ ಅಂಗಡಿಯವರು, ಯಾರು ಬೇಕಾದರೂ ಕಲಿಯಬಹುದು. ಇನ್ನೊಬ್ಬರ ಅಳು ಕೇಳಿ ಬುದ್ಧಿ ಹೇಳಲು ಹೊರಡುವವರಿಗೆ ಮಾತ್ರ ಈ ಕೆಲಸ ಕಷ್ಟ. ಮನೆಯಲ್ಲೇ ಇಂಥ ಸಾವು ಕಂಡವರು ಸೇರಲು ಬಂದರೆ ಕನಿಷ್ಠ ಒಂದು ವರ್ಷ ಕಾಯಿರಿ ಎಂದು ಹೇಳಬೇಕು. ಅವರ ಕಾಳಜಿ ದೊಡ್ಡದೇ. ಆದರೆ ಹಸಿ ಗಾಯದ ಮೇಲೆ ಪ್ರತಿ ಕರೆಯೂ ಬೀಳುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಮಟ್ಟಿಗೆ ತೆಲುಗು ಬರುವುದು ದೊಡ್ಡ ಅನುಕೂಲ. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು, ಶ್ರೀನಿವಾಸಪುರ, ಆ ಕಡೆ ತುಮಕೂರು ಜಿಲ್ಲೆಯ ಪಾವಗಡ, ಇಲ್ಲೆಲ್ಲ ಜನ ಫೋನಿನಲ್ಲಿ ಕನ್ನಡದಲ್ಲಿ ನಮಸ್ಕಾರ ಹೇಳಿ, ದುಃಖ ಬಂದ ಕೂಡಲೇ ತೆಲುಗಿಗೆ ಹೊರಳುತ್ತಾರೆ. ಕೆ.ಜಿ.ಎಫ್.ನಿಂದ ತಮಿಳು, ಪೇಟೆಗಳಿಂದ ಉರ್ದು. ಅರ್ಥವಾಗದೆ "ಕನ್ನಡದಲ್ಲಿ ಹೇಳಿ" ಎಂದರೆ ಆ ಮನಸ್ಸು ಅಲ್ಲೇ ಬಾಗಿಲು ಹಾಕಿಕೊಳ್ಳುತ್ತದೆ. ಪ್ರತಿ ಪಾಳಿಯಲ್ಲೂ ತೆಲುಗು ಬಲ್ಲವರು ಒಬ್ಬರಾದರೂ ಇರುವಂತೆ ಪಟ್ಟಿ ಹಾಕಿ.

ಫೋನ್ ಎತ್ತಿದ ಕೂಡಲೇ ಏನು ಹೇಳಬೇಕು?

"ನಮಸ್ಕಾರ, ಸಹಾಯವಾಣಿ. ಹೇಳಿ, ಕೇಳಿಸಿಕೊಳ್ತಿದ್ದೀನಿ." ಅಷ್ಟು ಸಾಕು. ಹೆಸರು, ವಯಸ್ಸು, ಊರು ಎಂದು ಅರ್ಜಿ ತುಂಬಿಸುವಂತೆ ಶುರು ಮಾಡಬೇಡಿ. ಒಂದೆರಡು ನಿಮಿಷ ಆದಮೇಲೆ "ನಿಮ್ಮನ್ನ ಏನಂತ ಕರೀಲಿ?" ಎಂದು ಕೇಳಿ. ಸುಳ್ಳು ಹೆಸರು ಹೇಳಿದರೂ ಪರವಾಗಿಲ್ಲ.

ಎಲ್ಲರಿಗೂ "ನೀವು". ಹದಿನಾರರ ಹುಡುಗನಿಗೂ ಮೊದಲು ನೀವೇ. ಅಣ್ಣ, ಅಕ್ಕ, ಅಮ್ಮ ಎನ್ನುವುದು ನಮ್ಮ ಕಡೆ ಸಹಜ, ಅವರು ಹಾಗೆ ಕರೆದರೆ ನೀವೂ ಕರೆಯಬಹುದು. ನೀವಾಗಿ ಮೊದಲು ನಂಟು ಹಚ್ಚಬೇಡಿ. ಗಂಡನ ಅಣ್ಣನಿಂದಲೇ ಹಿಂಸೆ ಪಡುತ್ತಿರುವ ಹೆಣ್ಣುಮಗಳಿಗೆ "ಅಣ್ಣ ಅಂದ್ಕೊಂಡು ಹೇಳಮ್ಮ" ಎಂದರೆ ಅವಳು ಏನು ಹೇಳಿಯಾಳು?

ಆ ಕಡೆಯಿಂದ ಮಾತೇ ಇಲ್ಲದಿದ್ದರೆ?

ಇಡಬೇಡಿ. ಅಳುವುದಕ್ಕೆ, ಧೈರ್ಯ ಮಾಡುವುದಕ್ಕೆ ಹೊತ್ತು ಬೇಕು. ಅರ್ಧ ನಿಮಿಷಕ್ಕೊಮ್ಮೆ "ಇದ್ದೀನಿ, ನಿಧಾನಕ್ಕೆ ಹೇಳಿ" ಎಂದರೆ ಸಾಕು. ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನಿಸಿದರೆ "ಹೌದು ಅಂದ್ರೆ ಒಂದ್ಸಲ ಕೆಮ್ಮಿ" ಎಂದು ಕೇಳಬಹುದು. ಐದು ನಿಮಿಷ ಕಾದರೂ ಏನೂ ಇಲ್ಲದಿದ್ದರೆ, ಯಾವಾಗ ಬೇಕಾದರೂ ಮತ್ತೆ ಮಾಡಬಹುದು ಎಂದು ಹೇಳಿ ಇಡಿ.

ಮಿಸ್ಡ್ ಕಾಲ್ ಬಂದರೆ ತಿರುಗಿ ಮಾಡುವ ಮುನ್ನ ಯೋಚಿಸಿ. ಎಷ್ಟೋ ಮನೆಗಳಲ್ಲಿ ಹೆಂಗಸರು ಬಳಸುವುದು ಗಂಡನ ಫೋನು ಅಥವಾ ಮಗನ ಫೋನು. ಬೇರೆ ಯಾರಾದರೂ ಎತ್ತಿದರೆ ಸಹಾಯವಾಣಿ ಎಂಬ ಹೆಸರೇ ಬಾಯಿಗೆ ಬರಬಾರದು. "ರಾಂಗ್ ನಂಬರ್, ಕ್ಷಮಿಸಿ" ಎಂದು ಇಟ್ಟುಬಿಡಿ. ಮೊದಲ ಕರೆಯಲ್ಲೇ "ನಾವು ತಿರುಗಿ ಮಾಡಬಹುದಾ? ಯಾವ ಹೊತ್ತಿಗೆ? ಬೇರೆಯವರು ಎತ್ತಿದ್ರೆ ಏನು ಹೇಳ್ಲಿ?" ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸಾಯುವ ಮಾತನ್ನು ನಾವಾಗಿ ಎತ್ತಿದರೆ ಇಲ್ಲದ ಯೋಚನೆ ತುಂಬಿದಂತಾಗುವುದಿಲ್ಲವೇ?

ಆಗುವುದಿಲ್ಲ. ಹೊಸದಾಗಿ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ನೇರವಾಗಿ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಒಳಗೇ ಇಟ್ಟುಕೊಂಡಿದ್ದವರಿಗೆ "ಇವರ ಹತ್ತಿರ ಇದನ್ನೂ ಹೇಳಬಹುದು" ಅನ್ನಿಸಿ ಎದೆ ಹಗುರಾಗುತ್ತದೆ.

ಸುತ್ತಿ ಬಳಸಿ ಕೇಳಬೇಡಿ. "ಹಾಗೆಲ್ಲ ಏನೂ ಯೋಚನೆ ಇಲ್ಲ ತಾನೆ?" ಎಂದರೆ ಇಲ್ಲ ಎನ್ನಿ ಎಂದು ನಾವೇ ಹೇಳಿಕೊಟ್ಟಂತೆ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ಮೆತ್ತಗೆ, ಸ್ಪಷ್ಟವಾಗಿ ಕೇಳಿ. ತೆಲುಗಿನಲ್ಲಾದರೆ "ಚಚ್ಚಿಪೋವಾಲನಿ ಅನಿಪಿಸ್ತೋಂದಾ?" ಎನ್ನಿ. ಜನ ಅದನ್ನು ಆ ಪದದಲ್ಲೇ ಹೇಳುವುದಿಲ್ಲ. "ನಾನಿಲ್ದಿದ್ರೆ ಎಲ್ರಿಗೂ ನಿರಾಳ", "ಇನ್ನು ಸಾಕಾಯ್ತು", "ಮಕ್ಕಳನ್ನ ತವರಿಗೆ ಬಿಟ್ಟು ಬಂದಿದ್ದೀನಿ", "ಎಲ್ಲ ಲೆಕ್ಕ ಚುಕ್ತಾ ಮಾಡಿದ್ದೀನಿ" ಎನ್ನುತ್ತಾರೆ. ಇಂಥ ಮಾತು ಕೇಳಿದರೆ ಪ್ರಶ್ನೆಯನ್ನು ಮುಂದಕ್ಕೆ ಹಾಕಬಾರದು.

ಹೌದು ಎಂದರೆ ಮುಂದಿನ ಪ್ರಶ್ನೆಗಳು ಹೆಚ್ಚುಕಡಿಮೆ ಇದೇ ಸಾಲಿನಲ್ಲಿ ಬರಲಿ: ಹೇಗೆ ಎಂದು ಯೋಚಿಸಿದ್ದಾರಾ, ಅದು ಈಗ ಕೈಗೆಟುಕುವಂತಿದೆಯಾ, ಯಾವಾಗ ಎಂದು ಗೊತ್ತುಮಾಡಿಕೊಂಡಿದ್ದಾರಾ, ಹಿಂದೆ ಯಾವಾಗಲಾದರೂ ಪ್ರಯತ್ನ ಪಟ್ಟಿದ್ದಾರಾ, ಈಗ ಒಬ್ಬರೇ ಇದ್ದಾರಾ, ಕುಡಿದಿದ್ದಾರಾ. ವಸ್ತು ಕೈಲಿದೆ, ಒಬ್ಬರೇ ಇದ್ದಾರೆ, ಕುಡಿದಿದ್ದಾರೆ ಎಂಬ ಮೂರೂ ಕೂಡಿದರೆ ಬೇರೆಲ್ಲ ಬದಿಗಿರಲಿ. ಪಕ್ಕದ ಸಹೋದ್ಯೋಗಿಗೆ ಕೈಸನ್ನೆ ಮಾಡಿ.

"ಔಷಧಿ ತಗೊಂಡೆ" ಎಂದರೆ ಏನು ಅರ್ಥ ಮಾಡಿಕೊಳ್ಳಬೇಕು?

ಇಲ್ಲಿ ತಪ್ಪಿದರೆ ಜೀವ ಹೋಗುತ್ತದೆ. ನಮ್ಮ ಜಿಲ್ಲೆಗಳಲ್ಲಿ "ಔಷಧಿ" ಎಂದರೆ ಬಿ.ಪಿ. ಮಾತ್ರೆಯೂ ಹೌದು, ಟೊಮೆಟೊಗೆ ಹೊಡೆಯುವುದೂ ಹೌದು. "ಎಣ್ಣೆ" ಎಂದರೆ ಹೆಂಡವೂ ಆಗಬಹುದು, ಗಿಡಕ್ಕೆ ಹೊಡೆಯುವುದೂ ಆಗಬಹುದು. ತೆಲುಗಿನ "ಮಂದು" ಈ ಮೂರನ್ನೂ ಹೊತ್ತುಕೊಂಡಿದೆ. "ಮಂದು ತಾಗಿನಾನು" ಎಂದವರು ಸಾರಾಯಿ ಕುಡಿದಿದ್ದಾರೋ, ವಿಷ ಕುಡಿದಿದ್ದಾರೋ ಎಂಬುದು ಆ ಮಾತಿನಿಂದ ಗೊತ್ತಾಗುವುದಿಲ್ಲ. ತಮಿಳಿನ "ಮರುಂದು" ಕೂಡ ಮಾತ್ರೆಯೂ ಆಗಬಹುದು, ಗಿಡಕ್ಕೆ ಹೊಡೆಯುವುದೂ ಆಗಬಹುದು. ಆದ್ದರಿಂದ ಪ್ರತಿ ಸಲವೂ ಬಿಡಿಸಿ ಕೇಳಿ: "ಯಾವ ಔಷಧಿ? ಗಿಡಕ್ಕೆ ಹೊಡೆಯೋದಾ? ಎಷ್ಟು ಹೊತ್ತಾಯ್ತು? ಡಬ್ಬ ಕೈಯಲ್ಲಿದೆಯಾ, ಮೇಲೆ ಏನು ಬರೆದಿದೆ, ಓದ್ತೀರಾ?"

ಕುಡಿದೇಬಿಟ್ಟಿದ್ದರೆ?

ಒಬ್ಬರು ಮಾತು ಬಿಡದೆ ಹಿಡಿದಿರಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಪಾಳಿಯಲ್ಲಿ ಎಂದೂ ಒಬ್ಬರೇ ಇರಬಾರದು ಎನ್ನುವುದು ಇದಕ್ಕೇ.

ಹತ್ತಿರ ಯಾರಿದ್ದಾರೆಂದು ಕೇಳಿ ಫೋನ್ ಅವರ ಕೈಗೆ ಕೊಡಿಸಿ. ಅವರಿಗೆ ಹೇಳಬೇಕಾದ್ದು ಇಷ್ಟು. ವಾಂತಿ ಮಾಡಿಸಬೇಡಿ. ಉಪ್ಪುನೀರು, ಸೋಪಿನ ನೀರು, ಹಾಲು, ಮಜ್ಜಿಗೆ ಏನನ್ನೂ ಕುಡಿಸಬೇಡಿ. ಹಳ್ಳಿಗಳಲ್ಲಿ ಮೊದಲು ಮಾಡುವುದೇ ಇದು. ವಾಂತಿಯಾಗುವಾಗ ವಿಷ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಎಡ ಮಗ್ಗುಲಿಗೆ ಮಲಗಿಸಿ. ಬಟ್ಟೆಯ ಮೇಲೆ ಚೆಲ್ಲಿದ್ದರೆ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಬಟ್ಟೆ ತೆಗೆದು ಮೈ ತೊಳೆಯಿರಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಡಿ. ಡಬ್ಬವನ್ನು ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ.

"ಏನೂ ಆಗಿಲ್ಲ, ಚೆನ್ನಾಗೇ ಇದ್ದೀನಿ" ಎಂದರೂ ಕಳಿಸಲೇಬೇಕು. ಕೆಲವು ವಿಷ ಮೊದಲ ದಿನ ಸುಮ್ಮನಿದ್ದು ಆಮೇಲೆ ಲಿವರ್, ಕಿಡ್ನಿ, ಶ್ವಾಸಕೋಶಗಳನ್ನು ಕೆಡಿಸುತ್ತದೆ. ಮೊದಲ ಗಂಟೆಗಳಲ್ಲಿ ಆಸ್ಪತ್ರೆ ಸೇರಿದವರಿಗೆ ಬದುಕುವ ಅವಕಾಶ ಹೆಚ್ಚು.

ಆಂಬುಲೆನ್ಸಿಗೆ ಜಾಗ ಹೇಳುವುದು ಹೇಗೆ? ಊರಿನ ಹೆಸರು ಗೊತ್ತಿದ್ದರೆ ಸಾಲದೇ?

ಸಾಲದು. ಹೊಸಹಳ್ಳಿ, ಬೊಮ್ಮಸಂದ್ರ, ಮಲ್ಲಸಂದ್ರ ಎಂಬ ಹೆಸರಿನ ಊರುಗಳು ಒಂದೆರಡಲ್ಲ. ಊರಿನ ಜೊತೆ ಗ್ರಾಮ ಪಂಚಾಯಿತಿ, ಹೋಬಳಿ, ತಾಲ್ಲೂಕು ಕೇಳಿ. ಬಸ್ಸಿಳಿಯುವ ಗೇಟು, ಹಾಲಿನ ಡೈರಿ, ಶಾಲೆ, ದೇವಸ್ಥಾನದಲ್ಲಿ ಯಾವುದು ಹತ್ತಿರ ಎಂದು ಕೇಳಿ. ತೋಟದ ಮನೆಯಾದರೆ ಊರಿನಿಂದ ಯಾವ ಕಡೆ, ಯಾರ ತೋಟದ ಪಕ್ಕ. ರಾತ್ರಿ ತ್ರೀ-ಫೇಸ್ ಕರೆಂಟು ಬರುವ ಹೊತ್ತಿಗೆ ಮೋಟರ್ ಹಾಕಲು ಒಬ್ಬರೇ ಹೋದವರು ಪಂಪ್‌ಹೌಸಿನಿಂದ ಫೋನ್ ಮಾಡುವುದುಂಟು. ಅಲ್ಲಿಗೆ ದಾರಿ ತೋರಿಸಲು ಒಬ್ಬರು ರಸ್ತೆಗೆ ಟಾರ್ಚ್ ಹಿಡಿದು ಬರಬೇಕು. ಅದನ್ನೂ ನಾವೇ ನೆನಪಿಸಬೇಕು.

ಗಡಿಯಲ್ಲಿ ಇನ್ನೊಂದು ತೊಡಕು. ಫೋನ್ ಆಂಧ್ರದ ಟವರ್ ಹಿಡಿದರೆ 112, 108ರ ಕರೆ ಆ ರಾಜ್ಯದ ಕಂಟ್ರೋಲ್ ರೂಮಿಗೆ ಹೋಗಿಬಿಡಬಹುದು. ಆದ್ದರಿಂದ ಸಹಾಯವಾಣಿಯ ಗೋಡೆಯ ಮೇಲೆ ಪ್ರತಿ ತಾಲ್ಲೂಕಿನ ಪೊಲೀಸ್ ಠಾಣೆ ಮತ್ತು ತಾಲ್ಲೂಕು ಆಸ್ಪತ್ರೆಯ ನೇರ ನಂಬರ್ ಅಂಟಿಸಿರಬೇಕು. ಮೂರು ತಿಂಗಳಿಗೊಮ್ಮೆ ಕರೆ ಮಾಡಿ ಅವು ನಡೆಯುತ್ತಿವೆಯೇ ಎಂದು ನೋಡಿ.

ಪೊಲೀಸರನ್ನು ಕಳಿಸುವಾಗ ಸೈರನ್ ಬೇಡ, ಸಾಧ್ಯವಾದರೆ ಮಫ್ತಿಯಲ್ಲಿ ಬನ್ನಿ ಎಂದು ಕೇಳಿಕೊಳ್ಳಿ. ಮನೆ ಮುಂದೆ ಜೀಪು ನಿಂತರೆ ಊರೆಲ್ಲ ಸೇರುತ್ತದೆ, ಮರ್ಯಾದೆ ಹೋಯಿತೆಂಬ ಸಂಕಟ ಹಳೆಯ ಸಂಕಟಕ್ಕೆ ಕೂಡಿಕೊಳ್ಳುತ್ತದೆ.

ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ ಎಂದು ಮನೆಯವರು ಹೆದರಿದರೆ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಸೆಕ್ಷನ್ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಹಾಗಿಲ್ಲವೆಂದು ಸಾಬೀತಾಗದ ಹೊರತು ಅವರನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಪ್ರಾಣ ಕಳೆದುಕೊಳ್ಳುವ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಂ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡುತ್ತಾರೆ, ಹೇಳಿಕೆ ಬರೆದುಕೊಳ್ಳುತ್ತಾರೆ, ಅಷ್ಟೇ. ಇದನ್ನು ಎರಡು ವಾಕ್ಯದಲ್ಲಿ ಹೇಳಲು ಕಲಿಯಿರಿ. ಕೇಸಿನ ಭಯಕ್ಕೆ "ಊಟ ಕೆಟ್ಟು ವಾಂತಿ" ಎಂದು ಸುಳ್ಳು ಹೇಳಿದರೆ ಡಾಕ್ಟರಿಗೆ ಸರಿಯಾದ ಚಿಕಿತ್ಸೆ ತೋಚದೆ ಹೊತ್ತು ಕಳೆದುಹೋಗುತ್ತದೆ.

ಇನ್ನೂ ಏನೂ ಮಾಡಿಕೊಂಡಿಲ್ಲ, ಆದರೆ ಔಷಧಿ ಮನೆಯಲ್ಲಿದೆ. ಆಗ?

ಸಹಾಯವಾಣಿಯ ಕೆಲಸದಲ್ಲಿ ಹೆಚ್ಚು ಜೀವ ಉಳಿಸುವುದು ಈ ಭಾಗ. ಸಾಯಬೇಕೆಂಬ ತೀವ್ರತೆ ಏರಿದ ಜ್ವರದಂತೆ ಇಳಿಯುತ್ತದೆ, ಎಷ್ಟೋ ಸಲ ಕೆಲವೇ ಗಂಟೆಗಳಲ್ಲಿ. ಆ ಹೊತ್ತು ವಸ್ತು ಕೈಗೆ ಸಿಗದಿದ್ದರೆ ಸಾಕು. ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುತ್ತಾರೆ ಎನ್ನುವುದು ಬಹುಪಾಲು ತಪ್ಪು ನಂಬಿಕೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ ಅಲ್ಲಿ ಇಂಥ ಸಾವು ಭಾರಿ ಪ್ರಮಾಣದಲ್ಲಿ ಇಳಿಯಿತು.

ಕೇಳುವ ರೀತಿ ಹೀಗಿರಲಿ: "ನಾವಿಬ್ರೂ ಮಾತಾಡೋವಷ್ಟು ಹೊತ್ತು ಅದನ್ನ ಆಚೆ ಇಡೋಕಾಗುತ್ತಾ? ಪಕ್ಕದ ಮನೆಯವರಿಗೆ ಕೊಟ್ಟು ಬರ್ತೀರಾ? ನಾನು ಲೈನಲ್ಲೇ ಇರ್ತೀನಿ." ಚರಂಡಿಗೆ ಸುರಿಯಿರಿ ಎನ್ನಬೇಡಿ, ದನ ಕರು ಕುಡಿದು ಸಾಯುತ್ತವೆ. ಆಮೇಲೆ ಮನೆಯ ಇನ್ನೊಬ್ಬರ ಜೊತೆ ಮಾತಾಡಲು ಒಪ್ಪಿಗೆ ಸಿಕ್ಕರೆ ಬೀಗದ ಪೆಟ್ಟಿಗೆಯ ಮಾತು ತೆಗೆಯಿರಿ: ಪೆಟ್ಟಿಗೆ ಮನೆಯಿಂದ ಆಚೆ ಇರಲಿ, ಬೀಗದ ಕೈ ಬೇರೆಯವರ ಬಳಿ ಇರಲಿ, ಒಂದು ಸಲದ ಸಿಂಪಡಣೆಗೆ ಬೇಕಾದಷ್ಟೇ ತರಲಿ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಹುಳುವಿಗೆ ಗಾಳಿ ಕೂಡ ತಾಗಬಾರದೆಂದು ಔಷಧಿಯನ್ನು ಹುಳುಮನೆಯಿಂದ ದೂರ ಇಡುವುದು ಅವರಿಗೆ ರೂಢಿ. "ಹುಳುವಿಗೆ ಮಾಡೋ ಜೋಪಾನಾನ ಮನೆಯವರಿಗೂ ಮಾಡಿ" ಎಂದರೆ ಅರ್ಥವಾಗುತ್ತದೆ.

ಕರೆ ಮುಗಿಸುವ ಮುನ್ನ ಒಂದು ಚೀಟಿ ಬರೆಸಿ. ಅವರೇ ಬರೆಯಲಿ, ಇಲ್ಲವೇ ಬಾಯಿಪಾಠ ಮಾಡಲಿ. ಯೋಚನೆ ಮತ್ತೆ ಏರುತ್ತಿದೆ ಎಂದು ಗೊತ್ತಾಗುವುದು ಹೇಗೆ, ಆಗ ತಾವೇ ಏನು ಮಾಡಿ ಮನಸ್ಸು ತಿರುಗಿಸಬಹುದು, ಎದ್ದು ಯಾರ ಮನೆಗೆ ಅಥವಾ ಎಲ್ಲಿಗೆ ಹೋಗಬಹುದು, ಬಾಯಿ ಬಿಟ್ಟು ಹೇಳಬಹುದಾದವರು ಯಾರು, ಡಾಕ್ಟರು ಮತ್ತು 14416, ಕೊನೆಗೆ ವಸ್ತುವನ್ನು ದೂರ ಇಡುವ ಬಗೆ. ಯಾವ ಉತ್ತರವನ್ನೂ ನಾವು ತುಂಬಿಕೊಡಬಾರದು. "ದೇವಸ್ಥಾನಕ್ಕೆ ಹೋಗಿ" ಎಂದು ನಾವು ಹೇಳಿದ್ದಕ್ಕಿಂತ "ಹಸು ಹತ್ರ ಹೋಗಿ ಕೂತ್ಕೋತೀನಿ" ಎಂದು ಅವರು ಹೇಳಿದ್ದು ಕೆಲಸಕ್ಕೆ ಬರುತ್ತದೆ.

ಸಾಲಗಾರರ ಕಾಟ ಎಂದು ಅತ್ತರೆ ನಾವೇನು ಮಾಡಲಾಗುತ್ತದೆ?

ಮೊದಲು ಕೇಳಿಸಿಕೊಳ್ಳುವುದು, ಆಮೇಲೆ ಮಾಹಿತಿ. ಈ ಕ್ರಮ ತಪ್ಪಿದರೆ ಮಾಹಿತಿ ಕಿವಿಗೇ ಬೀಳುವುದಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಪೀಡಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಕಾನೂನನ್ನು ರಾಜ್ಯ ಸರ್ಕಾರ 2025ರಲ್ಲಿ ತಂದಿದೆ. ಉಚಿತ ಕಾನೂನು ನೆರವಿಗೆ 15100. ಆ್ಯಪ್ ಸಾಲದವರು ಫೋಟೊ ತಿರುಚಿ ಬೆದರಿಸುತ್ತಿದ್ದರೆ, ಹಣ ಲಪಟಾಯಿಸಿದ್ದರೆ 1930. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸಿನ ಬೆಲೆ ಬಿದ್ದ ವಾರ ಇಂಥ ಕರೆಗಳಿಗೆ ಸಿದ್ಧರಿರಿ. "ಮುಂದಿನ ಬೆಳೆಗೆ ಸರಿಹೋಗುತ್ತೆ" ಎಂಬ ಭರವಸೆ ಕೊಡುವುದು ನಮ್ಮ ಕೈಲಿಲ್ಲ, ಕೊಡಬೇಡಿ.

ಪರೀಕ್ಷೆ ಫಲಿತಾಂಶದ ದಿನ?

ಪಾಳಿಗೆ ಇನ್ನೊಬ್ಬರನ್ನು ಹೆಚ್ಚಿಗೆ ಹಾಕಿ. ಎಸ್ಸೆಸ್ಸೆಲ್ಸಿ, ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ ಎಂಬುದು ಎಷ್ಟೋ ತಂದೆತಾಯಿಗಳಿಗೆ ಗೊತ್ತಿಲ್ಲ, ತಿಳಿಸಿ. ಮಗುವಿಗಿಂತ ಹೆಚ್ಚಾಗಿ ಅಪ್ಪನ ಜೊತೆ ಮಾತಾಡಬೇಕಾಗಿ ಬರಬಹುದು. ಆ ರಾತ್ರಿ ಮಗುವನ್ನು ಒಂಟಿಯಾಗಿ ಮಲಗಲು ಬಿಡಬೇಡಿ ಎಂದು ಹೇಳಿ.

ಗುಟ್ಟು ಎಷ್ಟರ ಮಟ್ಟಿಗೆ?

ಕರೆ ಮಾಡಿದವರ ಮಾತು ಪಾಳಿಯ ಕೋಣೆಯಿಂದ ಆಚೆ ಹೋಗಬಾರದು. ಚಿಕ್ಕ ಊರುಗಳಲ್ಲಿ ಹೆಸರಿಲ್ಲದೆ ಹೇಳಿದರೂ ಜನ ಪತ್ತೆ ಹಚ್ಚುತ್ತಾರೆ. ದನಿ ಗುರುತು ಸಿಕ್ಕಿ ಪರಿಚಯದವರೆಂದು ಗೊತ್ತಾದರೆ ಹೇಳಿಬಿಡಿ, ಅವರಿಗೆ ಬೇಕಾದರೆ ಕರೆಯನ್ನು ಇನ್ನೊಬ್ಬರಿಗೆ ಕೊಡಿ.

ಮೀರಬೇಕಾದ ಸಂದರ್ಭಗಳೂ ಇವೆ. ಜೀವ ಹೋಗುವ ಹೊತ್ತಿನಲ್ಲಿ ಒಪ್ಪಿಗೆಗೆ ಕಾಯುವಂತಿಲ್ಲ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆಯೆಂದು ತಿಳಿದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. ಆದ್ದರಿಂದ "ಯಾರಿಗೂ ಹೇಳಲ್ಲ" ಎಂದು ಆಣೆ ಮಾಡಬೇಡಿ. ಮಕ್ಕಳಿಗೆ 1098, ಹಿಂಸೆ ಅನುಭವಿಸುವ ಹೆಂಗಸರಿಗೆ 181.

ಹೊಸಬರು ಹೆಚ್ಚಾಗಿ ಎಡವುವುದು ಎಲ್ಲಿ?

ಸಮಾಧಾನ ಹೇಳುವ ಆತುರದಲ್ಲಿ. "ಎಲ್ರಿಗೂ ಕಷ್ಟ ಇರುತ್ತೆ", "ಮಕ್ಕಳ ಮುಖ ನೋಡಿ", "ದೇವರ ಮೇಲೆ ಭಾರ ಹಾಕಿ", "ಗಂಡಸಾಗಿ ಅಳ್ತೀರಾ?" ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದ ಬಂದರೂ ಅವರಿಗೆ ಕೇಳುವುದು "ನಿನ್ನ ನೋವು ದೊಡ್ಡದಲ್ಲ" ಎಂದು. ಮಕ್ಕಳ ಮುಖ ನೋಡಿ ನೋಡಿಯೇ ಸೋತವರಿಗೆ ಅದು ಇನ್ನೊಂದು ತಪ್ಪಿತಸ್ಥ ಭಾವ. ಪತ್ರಿಕೆಗಳ "ನೇಣಿಗೆ ಶರಣು" ಎಂಬ ಭಾಷೆಯನ್ನೂ ಬಳಸಬೇಡಿ. ದೇವರಿಗೆ, ಗುರುವಿಗೆ ಶರಣು ಎನ್ನುವ ಪದ ಅದು. ಸಾವಿಗೆ ಅದನ್ನು ಅಂಟಿಸಿದರೆ ಸಾವಿಗೊಂದು ಘನತೆ ಬಂದಂತಾಗುತ್ತದೆ.

ಹೆಣ್ಣು ದನಿ ಕೇಳಿ ಕೆಟ್ಟದಾಗಿ ಮಾತಾಡುವವರು ಬಂದರೆ?

ಒಂದೇ ಎಚ್ಚರಿಕೆ: "ಕಷ್ಟ ಇದ್ದರೆ ಹೇಳಿ, ಈ ಮಾತು ಮುಂದುವರಿದರೆ ಇಡ್ತೀನಿ." ಮುಂದುವರಿದರೆ ಇಟ್ಟು ದಾಖಲೆ ಪುಸ್ತಕದಲ್ಲಿ ಬರೆಯಿರಿ. ಸಹಿಸಿಕೊಳ್ಳುವುದು ಸೇವೆಯ ಭಾಗವಲ್ಲ. ದಿನಾ ಅದೇ ಮಾತಿಗೆ ಕರೆ ಮಾಡುವ ಒಂಟಿ ಜನರದು ಬೇರೆ ವಿಷಯ. ಅವರಿಗೆ ದಿನಕ್ಕೊಂದು ಹೊತ್ತು, ಹದಿನೈದು ನಿಮಿಷ ಎಂದು ಗೊತ್ತುಮಾಡಿ, ಎಲ್ಲ ಪಾಳಿಯವರೂ ಅದನ್ನೇ ಪಾಲಿಸಿ. ಅವರಿಗೂ ಪ್ರತಿ ಸಲ ಸಾಯುವ ಯೋಚನೆಯ ಪ್ರಶ್ನೆ ಕೇಳಬೇಕು. ದಿನಾ ಮಾಡುವವರು ಎಂಬ ಉದಾಸೀನದಲ್ಲಿ ಅಪಾಯ ಕಣ್ಣಿಗೆ ಬೀಳುವುದಿಲ್ಲ.

ಡಾಕ್ಟರ ಹತ್ತಿರ ಕಳಿಸಬೇಕಾದರೆ ಎಲ್ಲಿಗೆ?

ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ. ಕೋಲಾರದವರಿಗೆ ಅದು ಎಸ್.ಎನ್.ಆರ್. ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಯಾವ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲಷ್ಟೇ ಹೇಳಿ. ಕೂಲಿ ಬಿಟ್ಟು ಬಸ್ಸಿಗೆ ದುಡ್ಡು ಕೊಟ್ಟು ಹೋದವರು ಡಾಕ್ಟರಿಲ್ಲದೆ ವಾಪಸಾದರೆ ಎರಡನೇ ಸಲ ಹೋಗುವುದಿಲ್ಲ. ಮಾರನೇ ದಿನ ತಿರುಗಿ ಕರೆ ಮಾಡಿ "ಹೋಗಿದ್ರಾ?" ಎಂದು ಕೇಳುವುದನ್ನು ಮರೆಯಬೇಡಿ.

ಪಾಳಿ ಮುಗಿದ ಮೇಲೂ ಆ ದನಿ ಕಿವಿಯಲ್ಲಿ ಉಳಿದರೆ?

ಉಳಿಯುತ್ತದೆ. ಪಾಳಿ ನಾಲ್ಕು ಗಂಟೆಗಿಂತ ಹೆಚ್ಚಿರಬಾರದು. ಭಾರವಾದ ಕರೆಯ ನಂತರ ಇಪ್ಪತ್ತು ನಿಮಿಷ ಮುಂದಿನ ಫೋನ್ ಎತ್ತಬೇಡಿ, ಎದ್ದು ನೀರು ಕುಡಿದು ಮೇಲ್ವಿಚಾರಕರೊಡನೆ ಮಾತಾಡಿ. ಆ ಮಾತು ಮನೆಯಲ್ಲಿ ಆಡುವಂತಿಲ್ಲ, ಅದಕ್ಕೇ ಕೇಂದ್ರದಲ್ಲೇ ಆಡಿ ಹೋಗಬೇಕು.

ಮಾತಾಡಿದವರು ಆಮೇಲೆ ತೀರಿಕೊಂಡರೆಂದು ತಿಳಿದುಬಂದರೆ, ಆ ಸ್ವಯಂಸೇವಕರಿಗೆ ಮುಂದಿನ ಪಾಳಿ ಬೇಡ. ದಾಖಲೆಯನ್ನು ಅವರೊಡನೆ ಕೂತು ಓದುವಾಗ ಯಾರ ತಪ್ಪು ಎಂದು ಹುಡುಕಲು ಹೋಗಬೇಡಿ. ಕೇಳಬೇಕಾದ ಪ್ರಶ್ನೆ ಕೇಳಿದ್ದರೇ, ವಸ್ತುವಿನ ಮಾತು ಬಂದಿತ್ತೇ, ತಿರುಗಿ ಕರೆ ಹೋಗಿತ್ತೇ ಎಂದು ನೋಡಿ. ಬಿಟ್ಟುಹೋದದ್ದು ಕಂಡರೆ ತರಬೇತಿಗೆ ಸೇರಿಸಿ. ಅವರು ಮತ್ತೆ ಫೋನಿನ ಮುಂದೆ ಕೂರಲು ಎಷ್ಟು ವಾರ ಬೇಕೋ ಅಷ್ಟು ಕೊಡಿ. ರಾತ್ರಿ ನಿದ್ದೆ ಬಾರದಿದ್ದರೆ 14416 ಅವರಿಗೂ ಇದೆ.